ಮೊದಲ ಬೊಗಸೆ

ಮನುಷ್ಯರ ಜಾತಕ ಬರೆಯುವವರು ಸುಳ್ಳು ಬರೆದರೂ ದಕ್ಕಿಸಿಕೊಳ್ಳುತ್ತಾರೆ. ಅದು ಸುಳ್ಳೆಂದು ಗೊತ್ತಾಗುವ ಹೊತ್ತಿಗೆ ಮದುವೆಯೂ ಆಗಿ ಮಕ್ಕಳೂ ಆಗಿರುತ್ತವೆ, ಜೋಯಿಸರನ್ನು ಹುಡುಕಿಕೊಂಡು ಹೋಗಿ ಜಗಳವಾಡುವ ಪುರಸೊತ್ತು ಯಾರಿಗಿರುತ್ತದೆ? ನಾನು ನೀರಿನ ಜಾತಕ ಬರೆಯುವವಳು. ಹೆಸರು ನಳಿನಾ. ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ. ಒಂದೇ ಒಂದು ಜಾತಕ ತಪ್ಪು ಬರೆದೆ, ಅದೂ ನನ್ನ ಮನೆಯದು.

ನಮ್ಮ ಯಂತ್ರದ ಸರ್ಕಾರಿ ಹೆಸರು ಒಂದೂವರೆ ಸಾಲು ಉದ್ದವಿದೆ. ಜನ ಅದನ್ನು ಜಲಜಾತಕ ಎಂದು ಕರೆದರು, ಕೊನೆಗೆ ಕಚೇರಿಯ ಬೋರ್ಡಿಗೂ ಅದೇ ಹೆಸರು ಬಂತು. ಒಂದು ಬಾಟಲಿ ನೀರು ಕೊಟ್ಟರೆ ಸಾಕು, ಅದು ಯಾವ ವರ್ಷ ಮಳೆಯಾಗಿ ಬಿತ್ತು, ಎಲ್ಲಿ ನೆಲಕ್ಕಿಳಿಯಿತು, ಬಂಡೆಯ ಯಾವ ಬಿರುಕು ಹಿಡಿದು ಬಂತು, ಬರುವಾಗ ಏನೇನು ಹೊತ್ತು ತಂದಿತು, ಎಲ್ಲವನ್ನೂ ಹೇಳುತ್ತದೆ. ಪವಾಡವೇನಲ್ಲ. ಪ್ರತಿ ವರ್ಷದ ಗಾಳಿಯಲ್ಲೂ ಕೆಲವು ಅನಿಲಗಳ ಪ್ರಮಾಣ ಬೇರೆ ಬೇರೆ. ಮಳೆಹನಿ ನೆಲದೊಳಗೆ ಇಳಿಯುವಾಗ ಆ ವರ್ಷದ ಗಾಳಿಯನ್ನು ಕರಗಿಸಿಕೊಂಡು ಇಳಿಯುತ್ತದೆ. ಬಂಡೆಯೊಳಗೆ ಸೇರಿದ ಮೇಲೆ ಹೊಸ ಗಾಳಿ ಸಿಗುವುದಿಲ್ಲ. ಆದ್ದರಿಂದ ನೀರಿನಲ್ಲಿ ಕರಗಿದ ಗಾಳಿಯನ್ನು ಅಳೆದರೆ ವಯಸ್ಸು ತಿಳಿಯುತ್ತದೆ, ಖನಿಜಗಳನ್ನು ಅಳೆದರೆ ಬಂದ ದಾರಿ ತಿಳಿಯುತ್ತದೆ. ಮಿಕ್ಕ ಲೆಕ್ಕ ಕಂಪ್ಯೂಟರಿನದು. ಕೊನೆಗೆ ಊರಿಗೊಂದು ಬಣ್ಣ ಬರುತ್ತದೆ: ಹಸಿರು, ಹಳದಿ, ಕೆಂಪು, ಕಪ್ಪು. ದಿನಾ ಸಂಜೆ ಆರಕ್ಕೆ ಆ ಬಣ್ಣ ಎಲ್ಲ ಪಂಚಾಯ್ತಿಗಳ ಫಲಕದ ಮೇಲೂ ಎಲ್ಲರ ಫೋನಿನಲ್ಲೂ ಮೂಡುತ್ತದೆ.

ಜನ ಎಷ್ಟು ಬೇಗ ಒಗ್ಗಿಕೊಂಡರೆಂದರೆ ನನಗೇ ಹೆದರಿಕೆಯಾಗುತ್ತಿತ್ತು. ಹೆಣ್ಣು ಕೇಳಲು ಬಂದವರನ್ನು ಹೊಲ ಎಷ್ಟು ಎಂದು ಕೇಳುತ್ತಿದ್ದ ಕಾಲ ಹೋಗಿ ನಿಮ್ಮೂರ ನೀರು ಯಾವ ಬಣ್ಣ ಎಂದು ಕೇಳುವ ಕಾಲ ಬಂತು. ಕೆಂಪು ಊರಿನ ಗಂಡುಗಳ ತಲೆ ನರೆತರೂ ಹೆಣ್ಣು ಸಿಗಲಿಲ್ಲ. ಮನೆಗೆ ಬಂದವರಿಗೆ ಮೊದಲು ಒಂದು ಚೊಂಬು ನೀರು ಕೊಡುವುದು ನಮ್ಮ ಕಡೆಯ ಮರ್ಯಾದೆ. ಈಗ ಬಂದವರು ಚೀಲದಿಂದ ತಮ್ಮ ಬಾಟಲಿ ತೆಗೆದು ಪಕ್ಕಕ್ಕಿಟ್ಟುಕೊಳ್ಳುತ್ತಾರೆ, ಮನೆಯವರು ಅದನ್ನು ನೋಡದವರ ಹಾಗೆ ಮಳೆ ಬೆಳೆ ಮಾತಾಡುತ್ತಾರೆ.

ನಮ್ಮ ಹೋಬಳಿಯ ನಲವತ್ತೊಂದು ಊರುಗಳಲ್ಲಿ ಹಸಿರು ಇದ್ದದ್ದು ಒಂದೇ, ನಮ್ಮ ಮಲ್ಲಪ್ಪನಗುಟ್ಟ. ಏಳು ವರ್ಷ ಹಸಿರು. ಆ ಏಳು ವರ್ಷದಲ್ಲಿ ಮುನ್ನೂರು ಮನೆಯ ಊರಿಗೆ ಹದಿನಾರು ಸೊಸೆಯರು ಬಂದರು. ಹೊರಗೆ ಕೊಟ್ಟ ಹೆಣ್ಣುಮಕ್ಕಳು ಬಸುರಿಯಾದ ತಿಂಗಳೇ ತವರಿಗೆ ಬಂದು ಕೂರುತ್ತಿದ್ದರು. ನನ್ನ ಮಗಳು ಲಾಸ್ಯಳನ್ನು ಕೊಟ್ಟಿದ್ದು ನೇರಳೆಹುಡ್ಯಕ್ಕೆ. ಹಳದಿ ಊರು. ಅಲ್ಲಿ ಎರಡು ಸಲ ಬಸುರಿಯಾಗಿ ಎರಡೂ ಸಲ ಮೂರು ತಿಂಗಳೊಳಗೆ ಕಳೆದುಕೊಂಡಳು. ನೀರಿನಿಂದಲೇ ಹಾಗಾಯಿತೆಂದು ಡಾಕ್ಟರೂ ಹೇಳಲಿಲ್ಲ, ಯಂತ್ರವೂ ಹೇಳಲಿಲ್ಲ. ಹೇಳಿದವಳು ನಾನು. ಮೂರನೆಯ ಸಲ ವಿಷಯ ತಿಳಿದ ದಿನವೇ ಬೀಗರ ಮನೆಗೆ ಹೋಗಿ, ಅಳಿಯನ ಮುಖ ಸಣ್ಣದಾದದ್ದನ್ನೂ ಲೆಕ್ಕಿಸದೆ, ಮಗಳನ್ನು ಕರೆದುಕೊಂಡು ಬಂದೆ. ಈಗ ಎಂಟನೆಯ ತಿಂಗಳು. ಮಗು ಗಟ್ಟಿಯಾಗಿ ಒದೆಯುತ್ತಿತ್ತು. ಒದ್ದಾಗಲೆಲ್ಲ ಅವಳು ನನ್ನ ಕೈ ಹಿಡಿದು ಹೊಟ್ಟೆಯ ಮೇಲೆ ಇಟ್ಟುಕೊಳ್ಳುತ್ತಿದ್ದಳು.

ಇಷ್ಟೊಂದು ಊರುಗಳಿಗೆ ಬಣ್ಣ ಬಳಿದ ವಿಷ ಯಾವುದೆಂದು ಹೇಳಬೇಕು. ಇಪ್ಪತ್ತಾರು ವರ್ಷದ ಹಿಂದೆ ಜಿಲ್ಲೆಯ ಹಲವು ಕಡೆ, ನಮ್ಮೂರಿನ ಮೇಲ್ಗಡೆಯೂ, ಯಾವುದೋ ಕಂಪನಿ ಭೋಗ್ಯಕ್ಕೆ ಜಮೀನು ಹಿಡಿದು ಸಾಲಾಗಿ ಪಾಲಿಹೌಸ್ ಕಟ್ಟಿತು. ಒಳಗೆ ದಪ್ಪಮೆಣಸಿನಕಾಯಿ. ಎರಡನೆಯ ಬೆಳೆಗೇ ಬೇರುಗಂಟಿನ ಹುಳು ಬಿತ್ತು. ಅದನ್ನು ಕೊಲ್ಲಲು ಮಣ್ಣಿಗೆ ಒಂದು ದ್ರವವನ್ನು ಚುಚ್ಚಿ, ಮೇಲೆ ಪ್ಲಾಸ್ಟಿಕ್ ಹೊದಿಸಿ, ಅಂಚಿಗೆಲ್ಲ ಮಣ್ಣು ಮುಚ್ಚಿ ವಾರಗಟ್ಟಲೆ ಬಿಡುತ್ತಿದ್ದರು. ದ್ರವ ಒಳಗೇ ಹೊಗೆಯಾಗಿ ಹುಳು, ಬೂಷ್ಟು, ಕಳೆ, ಎರೆಹುಳು ಎಲ್ಲವನ್ನೂ ಸಾಯಿಸುತ್ತಿತ್ತು. ಆ ಹೊಗೆ ಹೋಗಿಬಿಡುತ್ತದೆ. ಆದರೆ ಕಾರ್ಖಾನೆಯಲ್ಲಿ ದ್ರವ ತಯಾರಿಸುವಾಗ ಅದರ ಜೊತೆ ಒಂದು ಕಲ್ಮಶವೂ ಹುಟ್ಟುತ್ತಿತ್ತು. ಬೇರ್ಪಡಿಸಲು ಖರ್ಚು ಎಂದು ಹಾಗೇ ಬಿಟ್ಟಿದ್ದರು. ಅದಕ್ಕೆ ಬಣ್ಣವಿಲ್ಲ, ನೀರಿನಲ್ಲಿ ಅಷ್ಟು ಕಡಿಮೆ ಇದ್ದಾಗ ವಾಸನೆಯೂ ಇಲ್ಲ, ರುಚಿಯೂ ಇಲ್ಲ. ನೀರಿಗಿಂತ ಭಾರ, ಬಂಡೆಯೊಳಗೆ ನೂರು ವರ್ಷವಾದರೂ ಕೊಳೆಯುವುದಿಲ್ಲ. ತಮಾಷೆಯೆಂದರೆ ಅದರಿಂದ ಒಂದು ಹುಳುವೂ ಸಾಯುವುದಿಲ್ಲ, ವರ್ಷಗಟ್ಟಲೆ ಕುಡಿದ ಮನುಷ್ಯರಿಗೆ ಮಾತ್ರ ಕ್ಯಾನ್ಸರ್ ತರುತ್ತದೆ. ಹುಳು ಕೊಲ್ಲಲೂ ಬಾರದ ಆ ದರಿದ್ರ ವಸ್ತುವನ್ನು ಯಾರೂ ಬೇಕೆಂದು ಸುರಿಯಲಿಲ್ಲ, ಅದು ಸುಮ್ಮನೆ ಜೊತೆಗೆ ಬಂತು. ಐದು ವರ್ಷ ಬೆಳೆ ತೆಗೆದು ಕಂಪನಿ ಗಂಟುಮೂಟೆ ಕಟ್ಟಿತು. ಉಪ್ಪು ತಿಂದವನು ನೀರು ಕುಡಿಯಬೇಕು ಅನ್ನುತ್ತಾರೆ. ನಮ್ಮಲ್ಲಿ ಉಪ್ಪು ತಿಂದವರು ಊರು ಬಿಟ್ಟು ಹೋದರು, ನೀರು ಕುಡಿಯಲು ನಾವು ಉಳಿದೆವು.

ಅದೇ ಪಾಲಿಹೌಸುಗಳ ಕಾಲುವೆ ಪಕ್ಕದಲ್ಲಿ ಒಂದು ಬತ್ತಿದ ಕೊಳವೆಬಾವಿ ಇತ್ತು. ಕಂಪನಿ ಬಂದ ಎರಡನೆಯ ವರ್ಷ, ನಾನು ಆಗಷ್ಟೇ ಭೂವಿಜ್ಞಾನ ಓದಿ, ಮದುವೆಯಾಗಿ ಊರಿಗೆ ಬಂದವಳು. ಓಡುವ ನೀರನ್ನು ನಡೆಸು, ನಡೆಯುವ ನೀರನ್ನು ನಿಲ್ಲಿಸು, ನಿಂತ ನೀರನ್ನು ಇಂಗಿಸು ಎಂದು ಮನೆಮನೆಗೆ ಹೇಳಿಕೊಂಡು ತಿರುಗಿ, ಆ ಬಾವಿಯ ಸುತ್ತ ಗುಂಡಿ ತೋಡಿಸಿ, ದಪ್ಪಕಲ್ಲು, ಜಲ್ಲಿ, ಮರಳು ತುಂಬಿಸಿ, ಮಳೆನೀರೆಲ್ಲ ನೇರ ಪಾತಾಳಕ್ಕೆ ಇಳಿಯುವಂತೆ ಮಾಡಿದೆ. ಪೇಪರಿನಲ್ಲಿ ನನ್ನ ಫೋಟೋ ಬಂದಿತ್ತು. ಮುಂದೆ ಜಲಜಾತಕ ಬಂದು, ಮಲ್ಲಪ್ಪನಗುಟ್ಟದ ನೀರಿನ ವಯಸ್ಸು ಸೊನ್ನೆ, ಅಂದರೆ ಈ ವರ್ಷದ ಮಳೆ ಎಂದು ತೋರಿಸಿದಾಗ ಊರೆಲ್ಲ ನನ್ನ ಗುಂಡಿಗೇ ಕೈ ಮುಗಿಯಿತು. ಹಳೆಯ ವಿಷದ ನೀರನ್ನು ನಮ್ಮ ಹೊಸ ಮಳೆನೀರು ಆಚೆ ತಳ್ಳಿದೆ ಎಂದು ನಾನೇ ಸಭೆಗಳಲ್ಲಿ ಹೇಳಿದೆ. ಹೇಳುವಾಗ ಎಷ್ಟು ಸುಖವಾಗುತ್ತಿತ್ತು.

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಜಬೀನಾ ನನ್ನ ಮೇಜಿನ ಹತ್ತಿರ ಬಂದು ನಿಂತಳು. ನಮ್ಮ ನಿಯಂತ್ರಣ ಕೊಠಡಿಯಲ್ಲಿ ಬಂಡೆಬಿರುಕುಗಳ ನಕ್ಷೆ ನೋಡಿಕೊಳ್ಳುವ ಹುಡುಗಿ. ನಾನು ಕೆಲಸ ಕಲಿಸಿದವರ ಪೈಕಿ ನನಗಿಂತ ಚುರುಕು ಅವಳೊಬ್ಬಳೇ.

“ಮೇಡಂ, ಹೊಸ ನಕ್ಷೆಗೆ ಮುನ್ನೂರ ಹನ್ನೆರಡು ಬಾವಿ ಸರಿಯಾಗಿ ಕೂತ್ಕೊಂಡ್ವು. ಒಂದು ಮಾತ್ರ ಕೂರ್ತಾ ಇಲ್ಲ. ನಿಮ್ಮೂರಿಂದು.”

“ಅದು ಯಾವತ್ತೂ ಕೂರಲ್ಲ. ನಮ್ಮ ಇಂಗುಗುಂಡಿ ಇದೆಯಲ್ಲ.”

“ನಾನೂ ಹಾಗೇ ಅಂದ್ಕೊಂಡಿದ್ದೆ.” ಅವಳು ನಕ್ಷೆಯನ್ನು ನನ್ನ ಮೇಜಿನ ಮೇಲೆ ಹರಡಿದಳು. “ಎರಡು ವರ್ಷದ ಹಿಂದೆ ಮಳೆ ಬಂತಾ ಮೇಡಂ?”

ಬಂದಿರಲಿಲ್ಲ. ಆ ವರ್ಷ ಒಂದು ಹದಮಳೆಯೂ ಇಲ್ಲದೆ ಹುರುಳಿಯೂ ಒಣಗಿತ್ತು. ಆದರೂ ಆ ವರ್ಷದ ನೀರಿನ ವಯಸ್ಸು ಸೊನ್ನೆ ಎಂದೇ ನಾನು ಸಹಿ ಹಾಕಿದ್ದೆ. ಬೀಳದ ಮಳೆ ಬಾವಿಗೆ ಹೇಗೆ ಬರುತ್ತದೆ?

“ಈ ನೀರು ಮಳೆಯಾಗಿ ಬಿದ್ದಿದ್ದು ಈ ವರ್ಷ ಅಲ್ಲ ಅನ್ಸುತ್ತೆ ಮೇಡಂ. ಗಾಳಿ ಸೇರಿದ್ದು ಮಾತ್ರ ಈ ವರ್ಷ. ಪೈಪಲ್ಲಿ ನಿಂತ ನೀರು. ಮೋಟಾರು ಹಾಕಿದ ತಕ್ಷಣ ಯಾರೋ ಬಾಟಲಿ ತುಂಬ್ತಾ ಇದ್ದಾರೆ.” ತುಂಬುವವರು ಯಾರೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದರಿಂದಲೇ ಯಾರೋ ಅಂದಳು.

ಕೊಳವೆಬಾವಿಯಲ್ಲಿ ರಾತ್ರಿಯೆಲ್ಲ ನಿಂತ ನೀರು ಬಂಡೆಯ ನೀರಲ್ಲ. ಮೇಲಿನ ಗಾಳಿ ಅದರೊಳಗೆ ಕರಗುತ್ತದೆ, ಅದರಲ್ಲಿರುವ ವಿಷ ಆವಿಯಾಗಿ ಗಾಳಿಗೆ ಹೋಗುತ್ತದೆ. ಮೋಟಾರು ನಲವತ್ತು ನಿಮಿಷ ಓಡಿ, ನಿಂತ ನೀರೆಲ್ಲ ಹೋಗಿ, ಬಂಡೆಯ ಬಿರುಕಿನ ನೀರು ಬರಲು ಶುರುವಾದ ಮೇಲೆಯೇ ಬಾಟಲಿ ತುಂಬಬೇಕು. ಇದು ನಮ್ಮ ಕೈಪಿಡಿಯ ಮೊದಲನೆಯ ಪುಟದಲ್ಲೇ ಇದೆ. ಕೈಪಿಡಿ ಬರೆದವಳು ನಾನು. ಊರೂರಿಗೆ ಹೋಗಿ ಬಾಟಲಿ ತುಂಬುವವರಿಗೆ ಗದರಿಸಿ ಕಲಿಸಿದವಳು ನಾನು. ನಮ್ಮೂರಿನ ಬಾಟಲಿಯನ್ನು ಮಾತ್ರ ನನ್ನ ಯಜಮಾನರ ಕೈಗೆ ಬೆಳಗಿನ ಕಾಫಿಯ ಜೊತೆ ಕೊಟ್ಟು ಬರುತ್ತಿದ್ದೆ. ಅವರಿಗೆ ನೀರಿನ ಬಗ್ಗೆ ನಾನೇನು ಕಲಿಸುವುದು ಎಂದುಕೊಂಡಿದ್ದೆ.

ಅವರು ಕದಿರಪ್ಪ. ಕೆರೆಯ ತೂಬು ಎತ್ತಿ ಗದ್ದೆಗೆ ನೀರು ಹಂಚುವ ನೀರುಗಂಟಿಗಳ ಮನೆತನ. ಕೆರೆ ಬತ್ತಿದ ಮೇಲೆ ಪಂಚಾಯ್ತಿಯ ಕೊಳವೆಬಾವಿ, ಟ್ಯಾಂಕು, ವಾಲ್ವು ಅವರ ಪಾಲಿಗೆ ಬಂದವು. ಅವರ ಮನೆತನಕ್ಕೊಂದು ಕಟ್ಟಳೆ. ನೀರು ಬಿಡುವ ಮುಂಚೆ ನೀರುಗಂಟಿ ಮೊದಲ ಬೊಗಸೆ ಹಿಡಿದು, ಗಂಗಮ್ಮನನ್ನು ನೆನೆದು, ಊರಿನವರ ಎದುರು ತಾನು ಕುಡಿಯಬೇಕು. ಕೇಡಿದ್ದರೆ ಮೊದಲು ತನಗಾಗಲಿ ಎಂದು ಅರ್ಥ. ಇವರ ಜಾತಿಯವರಿಗೆ ಊರಿನ ಬಾವಿಯನ್ನು ಮುಟ್ಟಲು ಬಿಡದಿದ್ದ ಕಾಲದಲ್ಲೂ ಅವರ ತಾತನ ಬೊಗಸೆಯನ್ನು ಮಾತ್ರ ಊರು ನಂಬಿತ್ತು. ಆ ನಂಬಿಕೆ ಇವರಿಗೆ ಪ್ರಾಣಕ್ಕಿಂತ ಹೆಚ್ಚು.

ಅವತ್ತು ಸಂಜೆ ಮನೆಗೆ ಹೋದಾಗ ಅವರು ಹಿತ್ತಲಿನಲ್ಲಿ ಹಂಡೆಯ ಒಲೆ ಉರಿಸುತ್ತಿದ್ದರು. ಮಗಳಿಗೆ ದಿನಾ ಸಂಜೆ ಕೈ ಇಡಲಾಗದಷ್ಟು ಬಿಸಿನೀರು ಕಾಯಿಸಿ ಬಚ್ಚಲಿಗೆ ಹೊತ್ತು ಹಾಕುವುದು ಅವರದೇ ಕೆಲಸ, ನನಗೂ ಬಿಟ್ಟುಕೊಡುತ್ತಿರಲಿಲ್ಲ. ಬಚ್ಚಲಿನಿಂದ ಬರುತ್ತಿದ್ದ ಹಬೆಯನ್ನು ನೋಡುತ್ತ ನಿಂತೆ. ಈ ವಿಷ ನೀರಿಗಿಂತ ಬೇಗ ಹಬೆಯಾಗುತ್ತದೆ. ಮುಚ್ಚಿದ ಬಚ್ಚಲಿನಲ್ಲಿ ಅರ್ಧ ಗಂಟೆ ಸ್ನಾನ ಮಾಡುವವರು ಕುಡಿದದ್ದಕ್ಕಿಂತ ಹೆಚ್ಚನ್ನು ಉಸಿರಾಡುತ್ತಾರೆ. ಇದೂ ನಾನೇ ಬರೆದ ಪುಟ.

“ರೀ, ಬಾಟ್ಲು ಯಾವಾಗ ತುಂಬ್ತೀರ?” ಎಂದು ಕೇಳಿದೆ.

“ಇದೇನ್ ಇವತ್ತು ಹೊಸದಾಗಿ ಕೇಳ್ತೀಯ? ಬೊಗಸೆ ನೀರು ಕುಡ್ದ ತಕ್ಷಣ.”

“ಮೋಟ್ರು ಹಾಕಿ ಎಷ್ಟೊತ್ತಾದ್ಮೇಲೆ?”

“ಎಷ್ಟೊತ್ತು ಏನ್ ಬಂತು? ನೀರು ಬಾಯಿಗೆ ಬಂದೇಟ್ಗೆ. ಮೊದಲ ನೀರು ಗಂಗಮ್ಮಂದು, ಅದಕ್ಕಿಂತ ಸುದ್ಧ ಇನ್ಯಾವ್ದೈತೆ? ಆಮೇಕೆ ಬರೋದು ಊರು ಬಳಸೋ ನೀರು. ಜಾತಕ ನೋಡೋಕೆ ಯಾರಾನ ಎಂಜಲು ನೀರು ಕಳಿಸ್ತಾರೇನೇ?” ಅವರು ನಕ್ಕರು. ಇಷ್ಟು ಓದಿದವಳಿಗೆ ಇಷ್ಟೂ ಗೊತ್ತಿಲ್ಲವಲ್ಲ ಎನ್ನುವ ನಗು, ಪ್ರೀತಿಯ ನಗು.

ಏಳು ವರ್ಷ, ವಾರಕ್ಕೊಂದು ಬಾಟಲಿ. ಊರಿನಲ್ಲಿ ಇದ್ದದ್ದರಲ್ಲೇ ಒಳ್ಳೆಯ ನೀರನ್ನು ಹುಡುಕಿ ಹುಡುಕಿ ನನಗೆ ಕಳಿಸಿದ್ದರು.

ಮರುದಿನ ಬೆಳಿಗ್ಗೆ ಆರಕ್ಕೆ ಪಂಪ್‌ಹೌಸಿಗೆ ನಾನೂ ಹೋದೆ. ಅವರು ಮೋಟಾರು ಹಾಕಿ, ನೀರು ಬಂದೊಡನೆ ಬೊಗಸೆ ಹಿಡಿದು ಕುಡಿದು, ಬಾಟಲಿಗೆ ಕೈ ಚಾಚಿದರು. ಇವತ್ತು ಬೇಡ, ಇರಿ ಅಂದೆ. ನಲವತ್ತು ನಿಮಿಷ ಇಬ್ಬರೂ ಕಟ್ಟೆಯ ಮೇಲೆ ಕೂತೆವು. ನೀರು ಟ್ಯಾಂಕಿಗೆ ಏರುತ್ತಿತ್ತು. ಲಾಸ್ಯಳಿಗೆ ಗಂಡು ಹುಟ್ಟಿದರೆ ತನ್ನ ತಾತನ ಹೆಸರು ಇಡಬೇಕು, ಈಗಿನವರು ಒಪ್ಪುತ್ತಾರೋ ಇಲ್ಲವೋ ಎಂದು ಅವರು ಮಾತಾಡಿದರು. ಆಮೇಲೆ ನಾನೇ ಬಾಟಲಿ ತುಂಬಿದೆ.

ಯಂತ್ರಕ್ಕೆ ಮೂರು ಗಂಟೆ ಸಾಕು. ಜಬೀನಾ ಊಟಕ್ಕೂ ಏಳದೆ ನನ್ನ ಪಕ್ಕದಲ್ಲೇ ಕೂತಿದ್ದಳು. ಮೊದಲು ವಯಸ್ಸು ಬಂತು: ಇಪ್ಪತ್ತಮೂರು ವರ್ಷ. ಆಮೇಲೆ ದಾರಿ ಬಂತು. ಪರದೆಯ ಮೇಲೆ ಒಂದು ಕೆಂಪು ಗೆರೆ ನಮ್ಮ ಬಾವಿಯಿಂದ ಹೊರಟು, ಬಂಡೆಯ ಬಿರುಕುಗಳಲ್ಲಿ ತಿರುಗಿ ತಿರುಗಿ ಮೇಲಕ್ಕೆ ಹೋಗಿ, ಪಾಲಿಹೌಸುಗಳ ಕಾಲುವೆಯ ಪಕ್ಕದ ನನ್ನ ಇಂಗುಗುಂಡಿಯಲ್ಲಿ ನಿಂತಿತು. ಮಣ್ಣಿನಲ್ಲೇ ಉಳಿದಿದ್ದರೆ ಬಿಸಿಲಿಗೆ ಒಂದಿಷ್ಟಾದರೂ ಹಾರಿ ಹೋಗುತ್ತಿತ್ತು. ನಾನು ಬಾಗಿಲು ತೆರೆದು ಒಳಗೆ ಕಳಿಸಿದ್ದೆ.

ಕೊನೆಗೆ ವಿಷದ ಅಂಕಿ ಬಂತು. ಕುಡಿಯಬಹುದಾದ ಮಿತಿ ಐದು. ನೇರಳೆಹುಡ್ಯದ್ದು ಇಪ್ಪತ್ತು, ಅದಕ್ಕೇ ಹಳದಿ. ಮಲ್ಲಪ್ಪನಗುಟ್ಟದ್ದು ನೂರಾ ಎಂಬತ್ತು.

ನಾನು ಮೊದಲು ಮಾಡಿದ್ದು ಭಾಗಾಕಾರ. ಒಂಬತ್ತು. ಮಗಳನ್ನು ಒಂದು ಪಾಲು ವಿಷದಿಂದ ಬಿಡಿಸಿ ಒಂಬತ್ತು ಪಾಲಿಗೆ ಕರೆತಂದಿದ್ದೆ. ಬೀಗರ ಮನೆಯಲ್ಲಿ ನಿಂತು, ನಿಮ್ಮ ನೀರು ನನ್ನ ಮಗಳಿಗಾಗದು ಎಂದು ಹೇಳಿದ ನನ್ನ ದನಿ ನನಗೇ ಕೇಳಿಸಿತು. ನನ್ನನ್ನು ಯಾರಾದರೂ ಆ ಕ್ಷಣ ಎಳೆದು ಕಪಾಳಕ್ಕೆ ಹೊಡೆದಿದ್ದರೆ ಉಪಕಾರವಾಗುತ್ತಿತ್ತು.

“ಇದು ಇನ್ನೂ ಏರತ್ತಾ?” ಎಂದು ಕೇಳಿದೆ.

“ಹನ್ನೊಂದು ವರ್ಷ ಏರತ್ತೆ ಮೇಡಂ. ಆಮೇಲೆ ಇಳಿಯೋಕೆ ಶುರು. ಗುಂಡಿ ಮುಚ್ಚಿದ್ರೂ ಅಷ್ಟೇ. ಇಳಿದಿದ್ದು ಇಳಿದಾಗಿದೆ.”

“ಆರು ತಿಂಗಳು ಕುಡಿದವರಿಗೆ?”

ಕುಡಿದವರಿಗೆ ಔಷಧಿ ಇಲ್ಲ, ಕುಡಿಯುವುದನ್ನು ನಿಲ್ಲಿಸಿ ಕಾಯುವುದೊಂದೇ ಎಂದು ಅವಳಿಗೂ ಗೊತ್ತು, ನನಗೂ ಗೊತ್ತು. ಅವಳು ಎದ್ದು ಹೋಗಿ, ಯಂತ್ರ ತೊಳೆಯಲು ನಾವು ಇದ್ದಿಲಿನಲ್ಲಿ ಸೋಸಿ ಇಟ್ಟುಕೊಳ್ಳುವ ನೀರಿನಿಂದ ಎರಡು ಲೀಟರಿನ ಬಾಟಲಿ ತುಂಬಿ ತಂದು ನನ್ನ ಚೀಲದೊಳಗಿಟ್ಟಳು. ಅದಕ್ಕಿಂತ ಹೆಚ್ಚು ತೆಗೆದರೆ ನಾಳೆ ಯಂತ್ರ ನಿಲ್ಲುತ್ತದೆ.

ಆರು ಗಂಟೆಗೆ ಬಣ್ಣ ತಾನೇ ಪ್ರಕಟವಾಗುತ್ತದೆ. ತಡೆಹಿಡಿಯುವ ಗುಂಡಿಯೊಂದಿದೆ, ಅದನ್ನು ಒತ್ತುವ ಅಧಿಕಾರ ಕೇಂದ್ರದ ಮುಖ್ಯಸ್ಥೆಗೆ, ಅಂದರೆ ನನಗೆ. ಐದೂಮುಕ್ಕಾಲಿಗೆ ಜಬೀನಾ, ಅಮ್ಮನಿಗೆ ಫೋನ್ ಮಾಡಿ ಬರ್ತೀನಿ ಮೇಡಂ ಎಂದು ಹೊರಗೆ ಹೋದಳು. ನಾನೊಬ್ಬಳೇ ಕೂತೆ. ತಡೆದರೆ ಯಜಮಾನರ ಮಾನ ನಾಲ್ಕು ದಿನ ಉಳಿಯುತ್ತದೆ. ಆದರೆ ಇದ್ದಿಲಿನಲ್ಲಿ ಸೋಸಿದ ನೀರಿನ ಟ್ಯಾಂಕರು ಕಪ್ಪು ಊರುಗಳಿಗೆ ಮಾತ್ರ ಹೋಗುತ್ತದೆ, ಅದೂ ಪ್ರಕಟವಾದ ಒಂಬತ್ತನೆಯ ದಿನಕ್ಕೆ. ಪಟ್ಟಿ ಅಷ್ಟು ಉದ್ದವಿದೆ. ಪೇಟೆಯಲ್ಲಿ ಮಾರುವ ಕ್ಯಾನಿನ ನೀರೂ ಇದೇ ಬಂಡೆಯದು. ನಾನು ಗುಂಡಿ ಒತ್ತಲಿಲ್ಲ. ಆರು ಗಂಟೆಗೆ ನಕ್ಷೆಯ ಮೇಲಿದ್ದ ಒಂದೇ ಒಂದು ಹಸಿರು ಚುಕ್ಕೆ ಕಪ್ಪಾಯಿತು.

ಬಸ್ಸಿಳಿಯುವಾಗ ಇನ್ನೂ ಬೆಳಕಿತ್ತು. ಟ್ಯಾಂಕಿನ ಕಟ್ಟೆಯ ಸುತ್ತ ಊರೇ ಸೇರಿತ್ತು. ನಡುವೆ ಕದಿರಪ್ಪ ನಿಂತಿದ್ದರು. ಯಾರೂ ಕೂಗಾಡುತ್ತಿರಲಿಲ್ಲ. ತೊಂಬತ್ತು ದಾಟಿದ ಚೌಡಮ್ಮಜ್ಜಿ ಕೋಲೂರಿಕೊಂಡು ಅವರ ಹತ್ತಿರವೇ ನಿಂತು ಕೇಳುತ್ತಿದ್ದಳು.

“ಕದಿರಾ, ದಿನಾ ನೀನು ಕುಡ್ದೇ ಬಿಡ್ತಿದ್ದೆಯಲ್ಲಪ್ಪ?”

“ಕುಡ್ದೇ ಬಿಡ್ತಿದ್ದೆ ಕಣಜ್ಜಿ. ಗಂಗಮ್ಮನಾಣೆ. ಒಂದಿನಾನೂ ತಪ್ಸಿಲ್ಲ.” ಅವರು ನನ್ನನ್ನು ನೋಡಿ ಮುಖ ಅರಳಿಸಿದರು. “ನಮ್ಮೋಳು ಬಂದ್ಲು ನೋಡಿ. ಏನೋ ಮಿಷನ್ನು ಕೆಟ್ಟೈತೆ. ನೀನೇ ಹೇಳಮ್ಮಿ ಇವ್ರಿಗೆ. ನೀರಲ್ಲಿ ಕೇಡಿದ್ದಿದ್ರೆ ಮೊದ್ಲು ನಂಗಲ್ವಾ ಆಗ್ಬೇಕಿತ್ತು?”

ಸುಮ್ಮನಿದ್ದುಬಿಡಬಹುದಿತ್ತು. ಆದರೆ ನಾಳೆ ಬೆಳಿಗ್ಗೆ ಅವರು ಮತ್ತೆ ಮೊದಲ ಬೊಗಸೆ ಕುಡಿದು ತೋರಿಸುತ್ತಾರೆ, ಊರು ಮತ್ತೆ ನಂಬುತ್ತದೆ, ಬಸುರಿಯರೂ ಬಾಣಂತಿಯರೂ ಕುಡಿಯುತ್ತಾರೆ. ಹೇಳಿದೆ. ಪೈಪಿನಲ್ಲಿ ರಾತ್ರಿಯೆಲ್ಲ ನಿಂತ ನೀರಿನಿಂದ ವಿಷ ಹಾರಿಹೋಗುತ್ತದೆ, ಮೊದಲು ಬರುವುದು ಆ ನೀರು, ಯಂತ್ರಕ್ಕೆ ಬಂದದ್ದೂ ಅದೇ ನೀರು, ಆಮೇಲೆ ಟ್ಯಾಂಕಿಗೆ ಏರುವುದು ಬಂಡೆಯ ನೀರು, ನಾವೆಲ್ಲ ಕುಡಿದದ್ದು ಅದು. ಎಷ್ಟು ಸುತ್ತ ಬಳಸಿ ಹೇಳಿದರೂ ಕೊನೆಗೆ ಬಂದು ನಿಲ್ಲುವುದು ಒಂದೇ ಮಾತಿಗೆ.

ಆ ಮಾತನ್ನು ಆಡಿದ್ದು ಕದಿರಪ್ಪನವರೇ. “ಅಂದ್ರೆ ಇಡೀ ಊರಲ್ಲಿ ಒಳ್ಳೇ ನೀರಿದ್ದಿದ್ದು ನನ್ ಬೊಗಸೇಲಿ ಮಾತ್ರ.”

“ಹೂಂ.”

“ನೋಡ್ಕಳ್ಳಿ ಅಂತ ನಾನು ಅದನ್ನ ಕುಡ್ದು ತೋರ್ಸಿ, ನಿಮಗೆಲ್ಲ ಇನ್ನೊಂದನ್ನ ಬಿಟ್ಟೆ.”

ಅವರು ಎರಡೂ ಅಂಗೈ ಬಿಡಿಸಿ ನೋಡಿಕೊಂಡರು. ಜನ ಬೈದಿದ್ದರೆ, ಒಬ್ಬರಾದರೂ ಕಲ್ಲು ಎತ್ತಿದ್ದರೆ ಅವರಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ಚೌಡಮ್ಮಜ್ಜಿ ಅವರ ಭುಜ ತಟ್ಟಿ ಮನೆಗೆ ಹೊರಟಳು. ಒಬ್ಬೊಬ್ಬರಾಗಿ ಎಲ್ಲರೂ ಹೋದರು. ಅವರು ಮಾತ್ರ ಕಟ್ಟೆಯ ಮೇಲೆ ಕೂತರು, ನಾನು ಕರೆದರೂ ಏಳಲಿಲ್ಲ.

ಮನೆಯಲ್ಲಿ ಲಾಸ್ಯ ಗೋಡೆಗೊರಗಿ ಕೂತಿದ್ದಳು. ಮಡಿಲಲ್ಲಿ ಫೋನು. ಪಕ್ಕದ ಮನೆಯ ಸೊಸೆ ರೂಪಾ ಎರಡು ತಿಂಗಳ ಕೂಸನ್ನು ಎತ್ತಿಕೊಂಡು ಹೊಸ್ತಿಲ ಮೇಲೆ ಕೂತು ಅಳುತ್ತಿದ್ದಳು. ಎದೆಹಾಲು ಸಾಲದೆ ಕೂಸಿಗೆ ಪುಡಿಹಾಲು ಕಲಸಿ ಕುಡಿಸುತ್ತಿದ್ದಳು. ಆ ಪುಡಿಯನ್ನು ಈಗ ಯಾವ ನೀರಿನಲ್ಲಿ ಕಲಸುವುದು? ನಾನು ಚೀಲದಿಂದ ಬಾಟಲಿ ತೆಗೆದು, ಇದು ಒಳ್ಳೇ ನೀರು, ನೀನು ಇದನ್ನೇ ಕುಡೀಬೇಕು ಎಂದು ಮಗಳ ಕೈಗೆ ಕೊಟ್ಟೆ. ಅವಳು ಮುಚ್ಚಳವನ್ನೂ ತೆರೆಯದೆ ರೂಪಾಳ ಮಡಿಲಿಗೆ ಇಟ್ಟಳು.

“ಲಾಸ್ಯಾ!”

“ಅದು ಹುಟ್ಟಿದೆಯಲ್ಲಮ್ಮ. ನಂದಿನ್ನೂ ಹುಟ್ಟಿಲ್ಲ.”

ರೂಪಾ ಹೋದ ಮೇಲೆ ಅವಳು ಫೋನನ್ನು ನನ್ನ ಕಡೆ ತಿರುಗಿಸಿದಳು. ಎರಡೂ ಊರಿನ ಅಂಕಿಗಳು ಒಂದರ ಕೆಳಗೊಂದು ಇದ್ದವು. “ಒಂಬತ್ತು ಪಟ್ಟು ಅಲ್ವಾಮ್ಮಾ?” ಎಂದು ಕೇಳಿದಳು. ನಾನು ಅವಳ ಕಾಲ ಬುಡದಲ್ಲಿ ಕುಸಿದು ಕೂತು ಅತ್ತೆ. ಹೆತ್ತ ಮಗಳ ಕಾಲು ಹಿಡಿದು ಅತ್ತೆ. ನಾಳೆಯೇ ನಿನ್ನನ್ನು ನೇರಳೆಹುಡ್ಯಕ್ಕೆ ಬಿಟ್ಟುಬರುತ್ತೇನೆ, ಅಲ್ಲಿ ಇಷ್ಟಿಲ್ಲ ಅಂದೆ.

“ಅಲ್ಲಿ ಎರಡು ಹೋದ್ವು. ಇಲ್ಲಿ ಇದು ಉಳಿದಿದೆ. ಎಲ್ಲಿಗೆ ಹೋಗ್ಲಿ, ನೀನೇ ಹೇಳು. ನೀನು ಹೇಳಿದ ಕಡೆಗೇ ಅಲ್ವಾ ನಾನು ಬಂದಿದ್ದು?” ಕೋಪವಿರಲಿಲ್ಲ ಅವಳ ದನಿಯಲ್ಲಿ. ನಿಜವಾಗಿಯೂ ಗೊತ್ತಿಲ್ಲದೆ ಕೇಳುತ್ತಿದ್ದಳು. ಇಡೀ ಜಿಲ್ಲೆಯ ನೀರಿನ ನಕ್ಷೆ ನನ್ನ ತಲೆಯೊಳಗಿದೆ. ಊರು ಊರೂ ಹುಡುಕಿದೆ. ಹೇಳಲು ಒಂದು ಊರೂ ಸಿಗಲಿಲ್ಲ.

ಬೆಳಿಗ್ಗೆ ಏಳು ಗಂಟೆಗೆ ನೀರು ಬಿಡುವ ಹೊತ್ತು. ಬಿಂದಿಗೆ, ಕೊಡಪಾನ, ಡ್ರಮ್ಮು ಹಿಡಿದು ಎಲ್ಲರೂ ಬಂದಿದ್ದರು. ಬರದೆ ಏನು ಮಾಡುತ್ತಾರೆ? ಬಿಂದಿಗೆಯಲ್ಲಿ ತೆರೆದಿಟ್ಟರೆ ವಿಷ ಅರೆಬರೆ ಹಾರುತ್ತದೆ, ಕುದಿಸಿದರೆ ಹಬೆಯಾಗಿ ಮನೆಯವರ ಉಸಿರಿಗೇ ಸೇರುತ್ತದೆ. ಟ್ಯಾಂಕರು ಬರಲು ಇನ್ನೂ ಎಂಟು ದಿನ. ಏಪ್ರಿಲ್ ಬಿಸಿಲು ಆಗಲೇ ಏರುತ್ತಿತ್ತು. ಕದಿರಪ್ಪ ಆರಕ್ಕೇ ಮೋಟಾರು ಹಾಕಿ, ಯಾರೂ ಹೇಳದಿದ್ದರೂ ಕೈಗಡಿಯಾರ ನೋಡಿಕೊಂಡು ನಲವತ್ತು ನಿಮಿಷ ನೀರು ಹೋಗಲು ಬಿಟ್ಟಿದ್ದರು. ಆಮೇಲೆ ಬೊಗಸೆ ಒಡ್ಡಿದರು. ನಾನು ಓಡಿಹೋಗಿ ಅವರ ಮಣಿಕಟ್ಟು ಹಿಡಿದುಕೊಂಡೆ.

“ಬಿಡಮ್ಮಿ,” ಅಂದರು ಮೆಲ್ಲಗೆ. “ಇವತ್ತಾನ ಊರು ಕುಡಿಯೋ ನೀರ್ನೇ ಕುಡೀತೀನಿ.”

ಕುಡಿದರು. ಬಾಯೊರೆಸಿಕೊಂಡು ವಾಲ್ವಿನ ಹತ್ತಿರ ಹೋಗಿ ಅದರ ಚಕ್ರ ಹಿಡಿದರು. ಕೈ ತಿರುಗಲಿಲ್ಲ. ಜನ ಕಾದರು. ಅವರು ಚಕ್ರ ಹಿಡಿದು ಹಾಗೇ ನಿಂತಿದ್ದರು. ಬಿಡಪ್ಪ ಎನ್ನಲು ಯಾರಿಗೂ ಬಾಯಿ ಬರಲಿಲ್ಲ, ಬಿಡಬೇಡ ಎನ್ನಲೂ ಬರಲಿಲ್ಲ. ಎಲ್ಲೋ ಹಿಂದೆ ಒಂದು ಮಗು ನೀರು ನೀರು ಎಂದು ರಚ್ಚೆ ಹಿಡಿಯಿತು.

ಸಾಲಿನಿಂದ ಲಾಸ್ಯ ಮುಂದೆ ಬಂದಳು. ಒಂದು ಕೈಯಲ್ಲಿ ಬಿಂದಿಗೆ, ಇನ್ನೊಂದು ಕೈ ಸೊಂಟದ ಮೇಲೆ, ಮೆಟ್ಟಿಲು ಹತ್ತಲು ಅವಳಿಗೆ ಕಷ್ಟವಾಗುತ್ತಿತ್ತು. ಬಿಂದಿಗೆಯನ್ನು ನಲ್ಲಿಯ ಕೆಳಗೆ ಸರಿಯಾಗಿ ಇಟ್ಟಳು. ಆಮೇಲೆ ಅಪ್ಪನ ಕೈಯ ಮೇಲೆ ತನ್ನ ಕೈ ಇಟ್ಟಳು.

“ಬಿಡಪ್ಪಾ,” ಅಂದಳು. “ಬಾಯಾರಿಕೆ ಆಗ್ತಿದೆ.”

ಅವರು ಬಿಟ್ಟರು.